ವಿಭೂತಿ ಹಚ್ಚಿದ ಐರ್ಲೆಂಡ್ ರೊಟ್ಟಿ

ಪಲ್ಲವಿ, ಶರಣು, ಇಬ್ಬರೂ ಹತ್ತಿರ ಕುಳಿತು ಓದಿರಿ. ನಿಮ್ಮ ದೊಡ್ಡಾಯಿ ಈ ಭೂಮಿಯ ಮೇಲೆ ಹೆದರುವುದು ಎರಡಕ್ಕೇ. ಒಂದು, ತಣ್ಣಗಾದ ಚಹಾ. ಇನ್ನೊಂದು, ಕೋಳಿಯ ತತ್ತಿ. ಹಾವಿಗೆ ಹೆದರುವುದಿಲ್ಲ, ಹಾವೇ ಅವರನ್ನು ಕಂಡು ದಾರಿ ಬಿಟ್ಟುಕೊಡುತ್ತದೆ. ಕಚೇರಿಯ ಸಾಹೇಬರಿಗೆ ಹೆದರುವುದಿಲ್ಲ, ಸಾಹೇಬರೇ ಅವರನ್ನು ಕಂಡು ಕುರ್ಚಿ ಬಿಟ್ಟುಕೊಡುತ್ತಾರೆ. ಆದರೆ ಒಂದು ತತ್ತಿ ನೆಲದ ಮೇಲೆ ಉರುಳಿ ಬರುತ್ತಿದೆ ಅನ್ನಿ, ಚಿತ್ತಾಪುರ ಬಿಟ್ಟು ಓಡಿಹೋದಾರು!

ದೊಡ್ಡಾಯಿ ಎಂದರೆ ನಿಮ್ಮ ಅಜ್ಜನ ಅಕ್ಕ, ನನಗೆ ನಾದಿನಿ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ಈ ಮನೆಗೆ ಮರಳಿ ಬಂದವರು. ಬಂದವರು ಮೂಲೆ ಹಿಡಿಯಲಿಲ್ಲ, ಒಲೆ ಹಿಡಿದರು. ಒಲೆಯ ಜೊತೆಗೆ ಮನೆಯೂ ಅವರ ಕೈಗೆ ಬಂತು. ನಾನು ಸೊಸೆಯಾಗಿ ಬಂದ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ "ಏ ಹುಡುಗಿ" ಎಂದು ಕರೆದರು. ಈಗ ನನ್ನ ತಲೆ ಪೂರ್ತಿ ಬೆಳ್ಳಗಾಗಿದೆ, ಮೊಣಕಾಲು ಮಾತು ಕೇಳುವುದಿಲ್ಲ, ಇಬ್ಬರು ಮೊಮ್ಮಕ್ಕಳಿದ್ದೀರಿ. ಇವತ್ತಿಗೂ ನಾನು "ಏ ಹುಡುಗಿ"ಯೇ!

ಇದರಲ್ಲಿ ಅವರ ಹೆಸರು ಯಾಕಿಲ್ಲ ಎಂದು ನೀವು ಕೇಳುತ್ತೀರಿ. ಬರೆಯಬೇಡ ಎಂದು ಅವರೇ ಹೇಳಿದ್ದಾರೆ. ಹೆಸರು ಕಾಗದದ ಮೇಲೆ ಹೋಯಿತೆಂದರೆ ಯಾರಾದರೂ ಒಬ್ಬರು ಅದನ್ನು ಹಿಡಿದುಕೊಂಡು ಏನಾದರೂ ಕೇಳಲು ಬರುತ್ತಾರಂತೆ. ನನಗೆ ಮಾತ್ರ ಕಾಗದವೇ ಅನುಕೂಲ. ನಾಲ್ಕು ಜನರೆದುರು ಮಾತಾಡು ಎಂದರೆ ನನ್ನ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಸೇಡಂ ಕಡೆಯ ಮುಧೋಳದ ಹತ್ತಿರ ನಮ್ಮೂರ ಶಾಲೆಯಲ್ಲಿ ಮಾಸ್ತರರು ಹಾಜರಿ ಕರೆದಾಗಲೂ ನಾನು ಕೈ ಎತ್ತುತ್ತಿದ್ದೆ, ಧ್ವನಿ ಎತ್ತುತ್ತಿರಲಿಲ್ಲ. ಅದಕ್ಕೇ ಹೇಳುವ ಬದಲು ಬರೆಯುತ್ತಿದ್ದೇನೆ.

ಮೊದಲು ತತ್ತಿಯ ಕಥೆ ಮುಗಿಸುತ್ತೇನೆ. ಒಮ್ಮೆ ನಿಮ್ಮ ಅಜ್ಜ, ದೊಡ್ಡಾಯಿ, ನಾನು ರೈಲಿನಲ್ಲಿ ಸೊಲ್ಲಾಪುರಕ್ಕೆ ಹೊರಟಿದ್ದೆವು. ವಾಡಿಯಲ್ಲಿ ಗಾಡಿ ನಿಂತಿತು. ಬಿಸ್ಕೀಟು ಮಾರುವವನೊಬ್ಬ ಕಿಟಕಿಗೆ ಬಂದ. ಅಜ್ಜನಿಗೆ ಹಸಿವು. ದೊಡ್ಡಾಯಿ ಪಾಕೀಟನ್ನು ಕೈಗೆ ತೆಗೆದುಕೊಂಡು ವಿಚಾರಣೆ ಶುರು ಮಾಡಿದರು. ಇದರಲ್ಲಿ ತತ್ತಿ ಇದೆಯೇ? ಇಲ್ಲವೆಂದರೆ, ಇಲ್ಲವೆಂದು ನಿನಗೆ ಹೇಳಿದವರು ಯಾರು? ಮಾಡುವವನ ಮನೆಯಲ್ಲಿ ಕೋಳಿ ಸಾಕಿದ್ದಾರೆಯೇ? ಅವನ ಮನೆಯಲ್ಲಿ ಇರದಿದ್ದರೆ ಪಕ್ಕದ ಮನೆಯಲ್ಲಿ? ಅಷ್ಟರಲ್ಲಿ ಗಾಡಿ ಹೊರಟಿತು. ಪಾಪ, ಅವನು ಕಿಟಕಿಯ ಸರಳು ಹಿಡಿದು ಓಡುತ್ತಾ ತನ್ನ ತಾಯಿಯ ಮೇಲೆ ಆಣೆ ಹಾಕಿದ.

"ತಾಯಿ ಮ್ಯಾಲ ಆಣಿ ಬ್ಯಾಡೋ ಯಪ್ಪಾ," ಎಂದರು ದೊಡ್ಡಾಯಿ, "ಬಿಸ್ಕೀಟ ಮಾಡಿದಾಂವನ ಮ್ಯಾಲ ಹಾಕು."

ಪ್ಲಾಟ್‌ಫಾರಂ ಮುಗಿಯಿತು. ಅವನು ಅಲ್ಲಿ ಉಳಿದ, ಪಾಕೀಟು ಇಲ್ಲಿ ಉಳಿಯಿತು. ಅಜ್ಜ ಆಸೆಯಿಂದ ನೋಡಿದರು. ಊಹೂಂ! ತಿನ್ನಲೂ ಇಲ್ಲ, ತಿನ್ನಲು ಬಿಡಲೂ ಇಲ್ಲ. ಸೊಲ್ಲಾಪುರ ತೋರಿಸಿಕೊಂಡು ಅದನ್ನು ಮರಳಿ ತಂದು, ವಾಡಿಯಲ್ಲಿ ಇಳಿದು, ಆ ಮನುಷ್ಯನನ್ನೇ ಹುಡುಕಿ ಕೈಗೆ ಕೊಟ್ಟರು. ಇವರನ್ನು ದೂರದಿಂದ ಕಂಡ ಕೂಡಲೇ ಅವನು ಓಡಲು ಶುರು ಮಾಡಿದ ಎಂದು ಅಜ್ಜ ಹೇಳುತ್ತಿದ್ದರು. ಅದಕ್ಕೆ ಅಜ್ಜ ಸ್ವಲ್ಪ ಉಪ್ಪು ಖಾರ ಹಚ್ಚಿದ್ದಾರೆ. ಅವನು ಓಡಲಿಲ್ಲ, ಬೇಗ ಬೇಗ ನಡೆದ, ಅಷ್ಟೇ!

ಇನ್ನು ನಮ್ಮ ಎಮ್ಮೆ. ನೀವು ಅದನ್ನು ನೋಡಿಲ್ಲ. ನಮ್ಮ ಎಮ್ಮೆಯಷ್ಟು ಮುಹೂರ್ತ ನೋಡಿ ಕಾಯಿಲೆ ಬೀಳುವ ಎಮ್ಮೆ ಇಡೀ ತಾಲೂಕಿನಲ್ಲಿ ಇರಲಿಲ್ಲ. ಸುಮ್ಮನೆ ಇರುವ ದಿನ ಗುಂಡುಕಲ್ಲಿನ ಹಾಗೆ ಇರುತ್ತಿತ್ತು. ಮನೆಯಲ್ಲಿ ತೊಟ್ಟಿಲಿಗೆ ಕೂಸು ಹಾಕುವ ದಿನ ಬಂತೋ, ಹೆಂಗಸರು ಆರತಿ ಹಿಡಿದು ನಿಂತರೋ, ಅದಕ್ಕೆ ಹೊಟ್ಟೆನೋವು! ದೊಡ್ಡಾಯಿ ಬೆಳಗಿನಿಂದ ಮನೆಯ ಅಡುಗೆಯೆಲ್ಲ ತಾವೇ ಮಾಡಿ, ಸರಿಯಾಗಿ ಆರತಿಯ ಹೊತ್ತಿಗೆ "ಎಮ್ಮಿ ಯಾಕೋ ಮೆಲಕು ಹಾಕವಲ್ದು" ಎನ್ನುತ್ತಾ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ನಿಮ್ಮ ಅವ್ವನನ್ನು ತೊಟ್ಟಿಲಿಗೆ ಹಾಕಿದಾಗಲೂ ಹಾಗೆಯೇ ಆಯಿತು. "ಅಕ್ಕನಿಗೆ ಮನುಷ್ಯರಿಗಿಂತ ಎಮ್ಮೆ ಹೆಚ್ಚು" ಎಂದು ಅಜ್ಜ ನಗುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಮುಂದೆ ಎಮ್ಮೆಯನ್ನು ಕೊಟ್ಟುಬಿಟ್ಟೆವು. ಆ ಹೊತ್ತಿಗೆ ಊರಿಗೆ ಕೇಕು ಬಂದಿತ್ತು. ಹುಟ್ಟುಹಬ್ಬದ ಕೇಕಿನ ಡಬ್ಬಿ ಬಾಗಿಲೊಳಗೆ ಬಂದರೆ ಸಾಕು, ದೊಡ್ಡಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ! ತತ್ತಿ ಇಲ್ಲದ ಕೇಕು, ನೋಡಿರಿ, ಡಬ್ಬಿಯ ಮೇಲೆ ಬರೆದಿದೆ ಎಂದರೆ, ಬರೆದವರು ಬೇರೆ, ಕಲಸಿದವರು ಬೇರೆ ಎನ್ನುತ್ತಿದ್ದರು. ಚಮಚ ಅದೇ ಅಲ್ಲವೇ? ಪಾತ್ರೆ ಅದೇ ಅಲ್ಲವೇ? ವಾದದಲ್ಲಿ ಅವರನ್ನು ಗೆದ್ದವರಿಲ್ಲ.

ಹೋದ ವರ್ಷ ಶರಣುವಿನ ಹುಟ್ಟುಹಬ್ಬದ ದಿನ ನಿಮಗೆ ನೆನಪಿರಬೇಕು. ನಿಮ್ಮ ಅವ್ವ ಸೇಡಮಿನಿಂದ ನಿಮ್ಮಿಬ್ಬರನ್ನು ಕರೆದುಕೊಂಡು ಬಂದಿದ್ದಳು. ಶರಣು, ನೀನು ಮೂಗಿಗೆ, ಕಿವಿಗೆ ಕ್ರೀಮು ಮೆತ್ತಿಕೊಂಡು, ಕೇಕಿನ ತುಂಡು ಹಿಡಿದು ಹಿತ್ತಲಿಗೆ ಓಡಿದೆ. ದೊಡ್ಡಾಯಿ ಮುಖ ತಿರುಗಿಸಿದರು. ನೀನು ಅಲ್ಲೇ ನಿಂತು ಅತ್ತೆ. ದೊಡ್ಡಾಯಿ ನನ್ನ ಹುಟ್ಟುಹಬ್ಬ ತಿನ್ನುವುದಿಲ್ಲ ಎಂದು ಇಡೀ ಓಣಿಗೆ ಕೇಳುವಂತೆ ಅತ್ತೆ. ಹಾವಿಗೆ ಹೆದರದ ಹೆಂಗಸು ನಿನ್ನ ಅಳುವಿಗೆ ಬೆವತುಬಿಟ್ಟರು.

"ಅಳಬ್ಯಾಡೋ ನನ ರಾಜಾ. ಬರೋ ವರ್ಷ ನಾನೇ ನನ್ನ ಕೈಲೆ ಮಾಡ್ತೀನಿ. ನಿನ್ನ ಬಾಜೂಕ ಕುಂತು ತಿಂತೀನಿ. ಮಾತಂದ್ರ ಮಾತು."

ಮಾತು ಕೊಡುವುದೇನೋ ಕೊಟ್ಟರು. ಒಲೆ ಬಲ್ಲವರೇ ಹೊರತು ಕೇಕು ಬಲ್ಲವರಲ್ಲ. ಬೇಕರಿ ಇರುವ ಬದಿಯಲ್ಲಿ ರಸ್ತೆ ಸಹ ದಾಟದ ಹೆಂಗಸು ಈಗ ಏನು ಮಾಡಬೇಕು? ಆ ವರ್ಷವೆಲ್ಲ ಆ ಮಾತು ಅವರ ಗಂಟಲಲ್ಲಿ ಮುಳ್ಳಿನ ಹಾಗೆ ಕುಳಿತಿತ್ತು. ಚಹಾ ಕುಡಿಯುವಾಗ ಇದ್ದಕ್ಕಿದ್ದ ಹಾಗೆ "ಹುಡುಗ ಮರ್ತಿರಬೇಕಲ್ಲ?" ಎಂದು ನನ್ನನ್ನು ಕೇಳುತ್ತಿದ್ದರು. ಮರುಕ್ಷಣ ತಾವೇ, "ಅಂವ ಮರ್ತರ ಏನಾತು, ನಾ ಮರ್ತಿಲ್ಲಲ್ಲ" ಎನ್ನುತ್ತಿದ್ದರು.

ಆಗ ದಾರಿ ತೋರಿಸಿದವಳು ನಮ್ಮ ಪಲ್ಲವಿ. ರಜೆಗೆ ಬಂದವಳು ಫೋನಿನಲ್ಲಿ ಹುಡುಕಿ ಹುಡುಕಿ ಒಂದು ದಿನ ಚೀರಿದಳು. ಐರ್ಲೆಂಡ್ ಎಂಬ ದೇಶದಲ್ಲಿ ಒಂದು ಬ್ರೆಡ್ ಇದೆ, ಅದಕ್ಕೆ ತತ್ತಿ ಬೇಡ, ಹಿಟ್ಟು ಹುದುಗಿಸುವುದೂ ಬೇಡ. ಗೋಧಿ ಹಿಟ್ಟು, ಮಜ್ಜಿಗೆ, ಉಪ್ಪು, ಅಡುಗೆ ಸೋಡಾ. ರುಚಿಗೆ ಒಣದ್ರಾಕ್ಷಿ, ಖಜೂರ. ಅಷ್ಟೇ! ಕಲಸಿ, ಗುಂಡಗೆ ಮಾಡಿ, ಮೇಲೆ ಚಾಕುವಿನಿಂದ ಲೆಕ್ಕದ ಕೂಡಿಸುವ ಗುರುತು ಹಾಕಿ ಬೇಯಿಸುವುದು.

ದೊಡ್ಡಾಯಿ ಬಹಳ ಹೊತ್ತು ಆ ಚಿತ್ರ ನೋಡಿದರು. ಅಲ್ಲಿ ಮಜ್ಜಿಗೆ ಇದೆ ಎಂದರೆ ಎಮ್ಮೆ ಇದೆ, ಎಮ್ಮೆ ಇರುವಲ್ಲಿ ಜನ ಒಳ್ಳೆಯವರೇ ಇರುತ್ತಾರೆ ಎಂದು ತೀರ್ಪು ಕೊಟ್ಟರು. ಅಲ್ಲಿ ಇರುವುದು ಆಕಳು ಎಂದು ಪಲ್ಲವಿ ಹೇಳಿದಳು. "ಇರ್ಲಿ, ಎಲ್ಲಾರಿಗೂ ಎಲ್ಲಾ ಎಲ್ಲಿ ಸಿಗ್ತದ" ಎಂದು ಐರ್ಲೆಂಡಿನವರನ್ನು ಕ್ಷಮಿಸಿದರು.

ಈಗ ಮಧ್ಯದಲ್ಲಿ ಕೈಯ ಮಾತು ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ದೊಡ್ಡಾಯಿಯ ಜೋಳದ ರೊಟ್ಟಿ ನೀವು ತಿಂದಿದ್ದೀರಿ. ಅವರು ನಾದಲು ಕುಳಿತರೆ ಹಿಟ್ಟು ಕಲಸುವ ಕೊಣಮಿಗೆ ನೋವಾಗಬೇಕು. ರೊಟ್ಟಿ ಬಡಿಯುವ ಸದ್ದು ಕೇಳಿ ಓಣಿಯವರು ಹೊತ್ತು ಎಷ್ಟಾಯಿತೆಂದು ತಿಳಿದುಕೊಳ್ಳುತ್ತಿದ್ದರು. ಚಂದ್ರನಂಥ ರೊಟ್ಟಿ, ಒಂದು ಬಿರುಕಿಲ್ಲ. ನನ್ನ ಕೈ ಹಾಗಲ್ಲ. ನನ್ನ ಕೈ ಹುಟ್ಟಾ ಮೆತ್ತಗೆ. ಜೋಳದ ಹಿಟ್ಟಿಗೆ ಮೆತ್ತಗಿನ ಕೈ ಸೇರುವುದಿಲ್ಲ, ನಾದಿ ನಾದಿ ಜೀವ ತರದಿದ್ದರೆ ಹಂಚಿಗೆ ಹೋಗುವ ಮೊದಲೇ ಹರಿಯುತ್ತದೆ. ನಾನು ಈ ಮನೆಯಲ್ಲಿ ಬಡಿದ ಮೊದಲ ರೊಟ್ಟಿಯನ್ನು ದೊಡ್ಡಾಯಿ ಎರಡೂ ಕೈಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ನಡುವಿನ ತೂತಿನಿಂದ ಒಂದು ಕಣ್ಣು ಮುಚ್ಚಿ ನೋಡಿದರು.

"ಏ ಹುಡುಗಿ, ಇದರಾಗಿಂದ ಸೇಡಂ ಕಾಣ್ತದ. ನಿನ್ನ ಕೈಯಾಗ ಏನು ಹತ್ತಿ ತುಂಬಿ ಕಳಿಸ್ಯಾರ?"

ಅಂದಿನಿಂದ ನನ್ನದು ಹತ್ತಿ ಕೈ. ಬೀಗರು ಬಂದರೆ, "ಆಕಿ ಪಲ್ಯಾ ಮಾಡ್ತಾಳ, ರೊಟ್ಟಿ ನಾ ಮಾಡ್ತೀನಿ, ಆಕಿದು ಹತ್ತಿ ಕೈ." ನಿಮ್ಮ ಅಜ್ಜ ಮಾತ್ರ ನನ್ನ ಹರಿದ ರೊಟ್ಟಿಯನ್ನೇ ಆರಿಸಿಕೊಂಡು ತಿನ್ನುತ್ತಿದ್ದರು. ಹರಿದದ್ದಕ್ಕೆ ಪಲ್ಯ ಚೆನ್ನಾಗಿ ಹಿಡಿಯುತ್ತದೆ ಎನ್ನುತ್ತಿದ್ದರು. ಅವರು ಹೋದ ಮೇಲೆ ನಾನು ರೊಟ್ಟಿ ಬಡಿಯುವುದನ್ನೇ ಬಿಟ್ಟೆ. ಮನೆಯಲ್ಲಿ ಹಬ್ಬ, ಹುಟ್ಟುಹಬ್ಬ ಬಂದರೆ ಅಡುಗೆಮನೆಯ ಹೊಸ್ತಿಲ ಒಳಗೇ ನಿಲ್ಲುವುದೂ ರೂಢಿಯಾಯಿತು. ಅಲ್ಲಿ ನಿಲ್ಲು ಎಂದು ನನಗೆ ಯಾರೂ ಹೇಳಲಿಲ್ಲ. ಕಾಲಿಗೇ ಗೊತ್ತಿತ್ತು.

ಇರಲಿ, ರೊಟ್ಟಿಗೆ ಬರುತ್ತೇನೆ. ಪಲ್ಲವಿ ಮೊದಲ ದಿನವೇ ಓದಿ ಹೇಳಿದ್ದಳು. ಇದನ್ನು ನಾದಬಾರದು, ಮೆಲ್ಲಗೆ ಕೂಡಿಸಬೇಕು, ಕೈ ಹಗುರ ಇರಬೇಕು. ದೊಡ್ಡಾಯಿ ಕೇಳಿದರೇ? ನಾದದಿದ್ದರೆ ಹಿಟ್ಟು ಮಾತು ಕೇಳುತ್ತದೆಯೇ ಎಂದು ಅವರೇ ಪಲ್ಲವಿಯನ್ನು ಕೇಳಿದರು! ಸೀರೆ ಸಿಕ್ಕಿಸಿ ಕುಳಿತರು. ಸೋಡಾ ಬಿದ್ದ ಮಜ್ಜಿಗೆ ಬುಸುಬುಸು ಎದ್ದಿತು. ಅದರ ತಲೆಯ ಮೇಲೆ ಗುದ್ದಿ ಗುದ್ದಿ ಕೂರಿಸಿದರು. ಆಮೇಲೆ ಎರಡೂ ಅಂಗೈಯಿಂದ ಬಡಿದರು. ಓಣಿಯವರು ಊಟದ ಹೊತ್ತಾಯಿತೆಂದು ಎದ್ದರು.

ಆ ದಿನ ಒಲೆಯಿಂದ ಇಳಿದದ್ದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ಚಾಕು ಇಳಿಯಲಿಲ್ಲ. ಒನಕೆಯಿಂದ ಹೊಡೆದರೆ ಒನಕೆ ಜಾರಿತು. ಓಣಿಯ ನಾಯಿ ಬಂದು ಮೂಸಿ, ನನ್ನ ಮುಖ ನೋಡಿ, ಹೋಯಿತು. ನಮ್ಮ ಪಕ್ಕದ ಮನೆಯ ದಸ್ತಗೀರ್ ಶಹಾಬಾದಿನಲ್ಲಿ ಕಲ್ಲಿಗೆ ಪಾಲಿಶ್ ಹೊಡೆಯುವ ಕೆಲಸದವನು. ಅವನು ಅದನ್ನು ಕೈಯಲ್ಲಿ ಹಿಡಿದು, ಬೆರಳಿನಿಂದ ಬಾರಿಸಿ, ತೂಕ ನೋಡಿದ.

"ದೊಡ್ಡಮ್ಮಾ, ಶಹಾಬಾದದಾಗ ಕಲ್ಲು ಕಡಿಮಿ ಬಿದ್ದಾವೇನ್ರಿ? ಮನ್ಯಾಗೇ ತಯಾರಿ ನಡಿಸೀರಿ. ಇದಕ್ಕ ಪಾಲಿಶ್ ಭಾಳ ಛಲೋ ಹಿಡಿತದ."

ಅವನಿಗೆ ಅಂದು ಚಹಾ ಸಿಗಲಿಲ್ಲ.

ಆದರೆ ಕಲ್ಲಿನ ಮಾತು ದೊಡ್ಡಾಯಿಯ ತಲೆಯಲ್ಲಿ ಉಳಿಯಿತು. ತಪ್ಪು ತಮ್ಮ ಕೈಯದಲ್ಲ, ಒಲೆಯದು! ಬೇಕರಿಯ ಭಟ್ಟಿಯಲ್ಲಿ ಕೆಳಗೆ ಕಲ್ಲು ಇರುತ್ತದೆ ಎಂದು ಯಾರೋ ಹೇಳಿದ್ದರು. ನಮ್ಮಲ್ಲಿ ಕಲ್ಲಿಗೆ ಏನು ಬರ? ನೆಲಕ್ಕೆ ಅದೇ, ಮಾಡಿಗೆ ಅದೇ, ಬಟ್ಟೆ ಒಗೆಯಲೂ ಅದೇ. ಬಚ್ಚಲಿಗೆ ಹಾಸಿ ಉಳಿದಿದ್ದ ಪರಸಿ ಕಲ್ಲಿನ ತುಂಡು ಹಿತ್ತಲಲ್ಲಿ ನೀರು ಕುಡಿದು ಬಿದ್ದಿತ್ತು. ಅದನ್ನೇ ಕಟ್ಟಿಗೆ ಒಲೆಯ ಮೇಲಿಟ್ಟು ಉರಿ ಹಾಕಿದರು. ನಾನು ಮೆಲ್ಲಗೆ, ಅಕ್ಕೋರ, ಈ ಕಲ್ಲು ಬೆಂಕಿಗೆ ಸಿಡಿಯುತ್ತದಲ್ಲ ಎಂದೆ. ಮೆಲ್ಲಗೆ ಹೇಳಿದ್ದು ಅವರಿಗೆ ಎಂದೂ ಕೇಳಿಸಿಲ್ಲ.

ಢಂ ಎಂದಿತು ನೋಡಿರಿ! ಕಲ್ಲಿನ ಚೂರು ತೆಂಗಿನ ಗರಿ ದಾಟಿ ಹೋಯಿತು. ನಮ್ಮ ಪುಣ್ಯ, ಇಬ್ಬರೂ ದೂರ ಇದ್ದೆವು. ಸಿಲಿಂಡರ್ ಸಿಡಿಯಿತೆಂದು ಓಣಿಯೆಲ್ಲ ಓಡಿ ಬಂತು. ದಸ್ತಗೀರ್ ಎಲ್ಲರಿಗಿಂತ ಮುಂದೆ, ಕೈಯಲ್ಲಿ ಒದ್ದೆ ಗೋಣಿಚೀಲ. ಹೊಗೆಯ ನಡುವೆ ದೊಡ್ಡಾಯಿ ಬೂದಿ ಮೆತ್ತಿದ ಮುಖದಲ್ಲಿ ನಿಂತಿದ್ದರು. ಎಲ್ಲರನ್ನೂ ಒಮ್ಮೆ ನೋಡಿ, "ಚಹಾ ಕುಡಿತೀರೇನು?" ಎಂದು ಕೇಳಿದರು. ಇದನ್ನು ಧೈರ್ಯ ಎನ್ನದೆ ಏನೆನ್ನಲಿ!

ಮುಂದೆ ಅವರೇ ಒಂದು ಉಪಾಯ ಮಾಡಿದರು. ದಪ್ಪ ತಳದ ಬೋಗುಣಿಯೊಳಗೆ ಹಿಟ್ಟು, ಕೆಳಗೆ ಸಣ್ಣ ಕೆಂಡ, ಮುಚ್ಚಳದ ಮೇಲೂ ಸಗಣಿ ಕುಳ್ಳಿನ ಕೆಂಡ. ಪಲ್ಲವಿ ಫೋನಿನಲ್ಲಿ ನೋಡಿ ಬೆರಗಾದಳು. ಐರ್ಲೆಂಡಿನ ಹಿಂದಿನ ಕಾಲದ ಮುದುಕಿಯರೂ ಹೀಗೆಯೇ ಕಬ್ಬಿಣದ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಇಟ್ಟು ಬೇಯಿಸುತ್ತಿದ್ದರಂತೆ! ಅಂದಿನಿಂದ ದೊಡ್ಡಾಯಿ ಐರ್ಲೆಂಡಿನ ಮುದುಕಿಯರನ್ನು "ನಮ್ಮ ಕಡಿ ಮಂದಿ" ಎಂದೇ ಕರೆಯುವುದು.

ಬೆಂಕಿ ಸರಿಯಾಯಿತು. ಹಣ್ಣು ಕೆಟ್ಟಿತು. ಕುಂಚಾವರಂ ಕಡೆಯಿಂದ ಸೀತಾಫಲ ತಂದು ಮಾರುವ ಚಂದ್ರಮ್ಮ ನಮ್ಮ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ನೀರು ಕುಡಿಯುತ್ತಿದ್ದಳು. ಬುಟ್ಟಿಯ ಮೂಲೆಯಲ್ಲಿ ಒಂದು ಗಂಟು. ದೊಡ್ಡಾಯಿ ಬಿಚ್ಚಿ ನೋಡಿದರು. ಕಂದು ಬಣ್ಣ, ಮುದುಡಿದೆ, ಬಾಯಿಗೆ ಹಾಕಿದರೆ ಸಿಹಿ. ಕಾಡಿನ ಒಣದ್ರಾಕ್ಷಿ! ಕೇಳುವುದು ಏಕೆ, ಚಂದ್ರಮ್ಮ ಮನೆಯವಳ ಹಾಗೆ ಅಲ್ಲವೇ, ಒಂದು ಬೊಗಸೆ ತೆಗೆದು ಹಿಟ್ಟಿಗೆ ಸುರಿದರು. ಚಂದ್ರಮ್ಮ ಒಳಗೆ ಬಂದು ನೋಡಿ ಬಾಯಿಯ ಮೇಲೆ ಕೈ ಇಟ್ಟಳು.

"ಅಯ್ಯೋ ಅಮ್ಮಾ, ಇಪ್ಪ ಪುವ್ವು ಅದು. ನಮ್ಮ ಕಡಿ ಅದರಲೆ ಸಾರಾಯಿ ಇಳಸ್ತಾರ."

ಬರೀ ಹಿಪ್ಪೆ ಹೂವಿನಿಂದ ಏನೂ ಆಗುವುದಿಲ್ಲ, ಬಡವರು ಅದನ್ನು ಹುರಿದು ತಿನ್ನುತ್ತಾರೆ ಎಂದು ಆಕೆ ಎಷ್ಟು ಹೇಳಿದರೂ ದೊಡ್ಡಾಯಿ ಕೆಳಗೆ ಕುಳಿತುಬಿಟ್ಟರು. ಬಾಯಿಗೆ ಬೇರೆ ಹಾಕಿಕೊಂಡಿದ್ದರಲ್ಲ! ಕಣ್ಣು ಮುಚ್ಚಿ, ತೆರೆದು, ಮನೆ ತಿರುಗುತ್ತಿದೆಯೇ ಎಂದು ನೋಡಿದರು. ತಿರುಗಲಿಲ್ಲ. "ತತ್ತಿ ತಪ್ಪಿಸ್ಲಿಕ್ಕ ಹೋಗಿ ಸಾರಾಯಿ ಅಂಗಡಿಗಿ ಬಂದೀನಲ್ಲ" ಎಂದು ಅಂದು ಸಂಜೆಯವರೆಗೂ ಗೋಡೆಗೆ ಹೇಳುತ್ತಿದ್ದರು.

ಇನ್ನೊಂದು ಜಗಳ ಮೇಲಿನ ಗುರುತಿನದು. ಕೂಡಿಸುವ ಗುರುತು ಏಕೆ? ನಡುವೆ ಬಿಸಿ ಇಳಿಯಲಿ ಎಂದು. ಜೊತೆಗೆ, ಹಿಟ್ಟಿನೊಳಗಿನ ದೆವ್ವ ಹೊರಗೆ ಹೋಗಲಿ ಎಂದು ಅಲ್ಲಿಯ ಮುದುಕಿಯರು ಹೇಳುತ್ತಾರಂತೆ. ದೆವ್ವ ಹೊಕ್ಕ ಹಿಟ್ಟನ್ನು ಬೇಯಿಸುವುದೇ ಏಕೆ ಎಂದು ದೊಡ್ಡಾಯಿ ಕೇಳಿದರು. ನನಗೂ ಅದು ಸರಿ ಎನ್ನಿಸಿತು. ಅವರು ಚಾಕುವಿನಿಂದ ಅಡ್ಡಡ್ಡ ಮೂರು ಗೆರೆ ಎಳೆದರು, ಹಣೆಯ ವಿಭೂತಿಯ ಹಾಗೆ. ನೋಡಲು ರೊಟ್ಟಿ ಮಠದ ಅಯ್ಯನವರ ಹಾಗೆ ಗಂಭೀರವಾಗಿತ್ತು. ಆದರೆ ಗೆರೆ ಆಳಕ್ಕೆ ಇಳಿದಿರಲಿಲ್ಲ. ಮೇಲೆ ಸುಟ್ಟು, ನಡುವೆ ಹಸಿ. ಕಡೆಗೆ ರಾಜಿಯಾಯಿತು. ಚಾಕುವಿನ ಗುರುತು ಐರ್ಲೆಂಡಿನದು, ಅದರ ಮೇಲೆ ಹಿಟ್ಟಿನ ಬೆರಳಿನಿಂದ ಮೂರು ಗೆರೆ ನಮ್ಮದು.

ಬೆಂಕಿ ಸಿಕ್ಕಿತು, ಹಣ್ಣಿಗೆ ಅಂಗಡಿಯ ದ್ರಾಕ್ಷಿ ಸಿಕ್ಕಿತು, ಗುರುತು ಸಿಕ್ಕಿತು. ರೊಟ್ಟಿ ಮಾತ್ರ ಸಿಗಲಿಲ್ಲ. ಪ್ರತಿ ಸಲವೂ ಕಲ್ಲು! ಸೋಡಾ ಬದಲಿಸಿದರು, ಗಿರಣಿ ಬದಲಿಸಿದರು, ಮಜ್ಜಿಗೆ ಕೊಡುವ ಮನೆ ಬದಲಿಸಿದರು. ಕೈಯೊಂದನ್ನು ಬದಲಿಸಲು ಆಗುತ್ತದೆಯೇ? ಮೆಲ್ಲಗೆ ಕಲಸುತ್ತೇನೆ ಎಂದು ಶುರು ಮಾಡುವರು. ಹಿಟ್ಟು ಕೈಗೆ ತಾಗಿತೋ, ಅಷ್ಟು ವರ್ಷದ ರೂಢಿ ಭುಜದಿಂದ ಇಳಿದು ಬರುತ್ತಿತ್ತು. ಗುದ್ದು, ಬಡಿ. ಅವರಿಗೇ ತಿಳಿಯುತ್ತಿರಲಿಲ್ಲ. ನಾನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ನನಗೆ ಬಿಡಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಚಿತ್ತಾಪುರಕ್ಕೇ ರೊಟ್ಟಿ ಕಲಿಸಿದ ಕೈ ಅದು. ಅದರ ಮುಂದೆ ಹತ್ತಿ ಕೈ ಚಾಚುವುದೇ?

ಹುಟ್ಟುಹಬ್ಬದ ದಿನ ಬೆಳಗ್ಗೆ ಒಂದು ರೊಟ್ಟಿ ಇಳಿಸಿದರು. ಮುಚ್ಚಳ ತೆಗೆದು ನೋಡಿ ಹಾಗೆಯೇ ಮುಚ್ಚಿದರು. ದಸ್ತಗೀರ್ ಕಿಟಕಿಯಿಂದ ಇಣುಕಿದವನು ದೊಡ್ಡಾಯಿಯ ಮುಖ ನೋಡಿ ಏನೂ ಹೇಳದೆ ಹೋದ. ಅವನೇ ಸುಮ್ಮನಾದ ಎಂದರೆ ನೀವೇ ತಿಳಿದುಕೊಳ್ಳಿ. ದೊಡ್ಡಾಯಿ ಒಲೆಯ ಮುಂದೆ ಕುಳಿತಿದ್ದರು. ಮುಂದಿಟ್ಟ ಚಹಾ ಕೆನೆ ಕಟ್ಟಿ ತಣ್ಣಗಾಯಿತು. ಅವರು ಹೆದರುವ ಎರಡರಲ್ಲಿ ಒಂದು ಕಣ್ಣ ಮುಂದೆಯೇ ಇದ್ದರೂ ಅವರ ಲಕ್ಷ್ಯ ಅದರ ಕಡೆಗೆ ಇರಲಿಲ್ಲ. ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಸಂಜೆಗೆ ನೀವು ಬರುವವರಿದ್ದಿರಿ. ಮಾತು ಕೊಟ್ಟಾಗಿತ್ತು.

ನನ್ನ ಕಡೆ ನೋಡದೆಯೇ ಹೇಳಿದರು.

"ಏ ಹುಡುಗಿ, ಆ ಹತ್ತಿ ಕೈ ತೊಳಕೊಂಡು ಬಾ."

ನಾನು ಕೈ ತೊಳೆದೆ. ಎರಡು ಸಲ ತೊಳೆದೆ. ದೊಡ್ಡಾಯಿ ಪಕ್ಕಕ್ಕೆ ಸರಿದು ಕುಳಿತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಅವುಗಳ ಮೇಲೆ ಭಾರ ಬಿಟ್ಟು ಕುಳಿತರು! ಹೊರಗಿದ್ದರೆ ಬಂದು ಗುದ್ದಿಬಿಡುತ್ತವೆ, ಅವುಗಳ ಮೇಲೆ ತಮಗೆ ಭರವಸೆ ಇಲ್ಲ ಎಂದರು. ಹಾಗೆ ಕುಳಿತೇ ಎಲ್ಲ ಹೇಳಿಕೊಟ್ಟರು. ಹಿಟ್ಟು, ಉಪ್ಪು, ಸೋಡಾ ಜರಡಿ ಹಿಡಿದೆ. ದ್ರಾಕ್ಷಿ, ಖಜೂರದ ಚೂರು ಬೆರೆಸಿದೆ. ನಡುವೆ ಗುಳಿ ಮಾಡಿ ಮಜ್ಜಿಗೆ ಸುರಿದೆ. ಮಲಗಿದ ಕೂಸಿಗೆ ದುಪ್ಪಟಿ ಸರಿಪಡಿಸುತ್ತೇವಲ್ಲ, ಎಚ್ಚರವಾಗದ ಹಾಗೆ, ಅಷ್ಟೇ ಹಗುರಾಗಿ ಹಿಟ್ಟನ್ನು ಸುತ್ತಿ ಕೂಡಿಸಿದೆ. ನಾದಲಿಲ್ಲ. ನಾದಲು ನನಗೆ ಎಂದಾದರೂ ಬಂದಿತ್ತೇ? ದೊಡ್ಡಾಯಿಯ ಭುಜ ಅಲ್ಲೇ ಕುಳಿತಲ್ಲಿ ಹಾರುತ್ತಿತ್ತು. ತುಟಿ ಕಚ್ಚಿ ಹಿಡಿದಿದ್ದರು. ಗುರುತು ನಾನು ಕೊಯ್ದೆ. ವಿಭೂತಿಗೆ ಮಾತ್ರ ಒಂದು ಕೈ ಬಿಡಿಸಿಕೊಂಡು, ಮೂರು ಬೆರಳು ಎಳೆದು, ಮತ್ತೆ ಕೈಯನ್ನು ಒಳಗೆ ಹಾಕಿದರು.

ಕೆಂಡ ತೆಗೆದು ಮುಚ್ಚಳ ಎತ್ತಿದಾಗ ಒಳಗೆ ಅರಳಿತ್ತು. ಹೌದು ಮಕ್ಕಳೇ, ಅರಳಿತ್ತು! ಗುರುತಿನ ಹತ್ತಿರ ನಾಲ್ಕೂ ಕಡೆ ಬಿರಿದು, ಹೊಂಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ದ್ರಾಕ್ಷಿ ಇಣುಕುತ್ತಿತ್ತು. ಬೋರಲು ಮಾಡಿ ಬೆರಳಿನಿಂದ ಬಾರಿಸಿದೆ. ಕಲ್ಲಿನ ಸದ್ದಲ್ಲ, ಸಣ್ಣ ಡೋಲಿನ ಸದ್ದು. ದೊಡ್ಡಾಯಿ ಎದ್ದು ಹೋಗಿ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟರು. ಆ ಸೀರೆಯನ್ನು ಅವರು ಉಟ್ಟದ್ದು ನಾನು ನೋಡಿರಲೇ ಇಲ್ಲ.

ಸಂಜೆ ಓಣಿಯ ಹೆಂಗಸರು, ಮಕ್ಕಳು, ದಸ್ತಗೀರನ ಮನೆಯವರು ಎಲ್ಲ ಬಂದರು. ನಡುಮನೆಯಲ್ಲಿ ಮಣೆ, ಮಣೆಯ ಮೇಲೆ ವಿಭೂತಿ ಹಚ್ಚಿದ ರೊಟ್ಟಿ. ಶರಣು, ನೀನು ಹೊಸ ಅಂಗಿ ತೊಟ್ಟು ಕುಳಿತಿದ್ದೆ. ನಿನ್ನ ಪಕ್ಕದಲ್ಲಿ ದೊಡ್ಡಾಯಿ, ಮಾತು ಕೊಟ್ಟ ಹಾಗೆ. ನಾನು ಹೊಸ್ತಿಲ ಒಳಗೆ ನನ್ನ ಜಾಗದಲ್ಲಿ. ಅಷ್ಟು ಕಂಡದ್ದೇ ನನಗೆ ಸಾಕಾಗಿತ್ತು. ನೀನು ಚಾಕು ಎತ್ತಿದೆ. ದೊಡ್ಡಾಯಿ ನಿನ್ನ ಕೈ ಹಿಡಿದು ನಿಲ್ಲಿಸಿದರು. ನನ್ನ ಕಡೆ ತಿರುಗಿದರು.

"ರೊಟ್ಟಿ ಹೊರಗ ಬಂದದ. ಕೈ ಒಳಗ ನಿಂತ್ರ ಹ್ಯಾಂಗ? ಬಾ."

ನಾನು ಅಲ್ಲಾಡಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಓಣಿಯ ಹಿರಿಯ ಹೆಂಗಸೊಬ್ಬರು, ಇರಲಿ ಬಿಡಿ, ಆಕೆ ಅಲ್ಲಿಂದಲೇ ನೋಡುತ್ತಾಳೆ ಎಂದು ಒಳ್ಳೆಯ ಮನಸ್ಸಿನಿಂದಲೇ ಅಂದರು. ದೊಡ್ಡಾಯಿ ನನಗೇ ಹೇಳಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರು ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ.

"ನಾ ಇಡೀ ಜಲ್ಮ ಹಿತ್ತಲದಾಗ ಕುಂತು ನೋಡೀನಿ ಹುಡುಗಿ. ಅಲ್ಲಿ ಏನೂ ಇಲ್ಲ. ಬಾ."

ಆಗ ನನಗೆ ಎಮ್ಮೆ ನೆನಪಾಯಿತು. ಆ ಎಮ್ಮೆಗೆ ಒಂದು ದಿನವೂ ಹೊಟ್ಟೆನೋವು ಇರಲಿಲ್ಲ. ಗಂಡ ಹೋದವಳು ಆರತಿಯ ಹೊತ್ತಿಗೆ ಎದುರಿಗೆ ಇರಬಾರದು ಎಂದು ಯಾರಾದರೂ ಹೇಳುವ ಮೊದಲೇ, ಅವರು ಎಮ್ಮೆಯ ನೆವ ಹೇಳಿ ತಾವಾಗಿಯೇ ಎದ್ದು ಹೋಗುತ್ತಿದ್ದರು. ಎಮ್ಮೆ ಹೋದ ಮೇಲೆ ತತ್ತಿಯ ನೆವ. ನಾವು ನಗುತ್ತಿದ್ದೆವು, ಅವರು ನಮ್ಮನ್ನು ನಗಲು ಬಿಟ್ಟಿದ್ದರು.

ಹೊಸ್ತಿಲು ದಾಟಿದೆ. ದೊಡ್ಡಾಯಿ ನನ್ನ ಕೈ ಹಿಡಿದೆಳೆದು ಶರಣುವಿನ ಕೈಯ ಮೇಲೆ ಇಟ್ಟರು. ಬಂದವರಿಗೆಲ್ಲ ಕೇಳುವ ಹಾಗೆ, ತಮ್ಮ ಹಳೆಯ ಧ್ವನಿಯಲ್ಲಿ, "ಇದು ನಮ್ಮ ತಮ್ಮನ ಹೆಂಡ್ತಿ ಕೈ. ನೋಡ್ಕೊಳ್ರಿ" ಎಂದರು. ಮೂವರೂ ಸೇರಿ ಕೊಯ್ದೆವು. ಶರಣು, ನೀನು ಮೊದಲ ತುಂಡನ್ನು ದೊಡ್ಡಾಯಿಯ ಬಾಯಿಗೆ ಇಟ್ಟೆ. ಅವರು ತಿಂದರು. ನಿಧಾನ, ಬಹಳ ನಿಧಾನ.

"ಉಪ್ಪು ಒಂದೀಟು ಕಡಿಮಿ ಅದ," ಎಂದರು.

ಆಮೇಲೆ ಇನ್ನೊಂದು ತುಂಡು ತೆಗೆದುಕೊಂಡು, ಎರಡೂ ಕೈಯಲ್ಲಿ ಎತ್ತಿ, ದೀಪದ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

"ಸೇಡಂ ಕಾಣವಲ್ದು."

ಮಕ್ಕಳೇ, ಈ ಮನೆಯಲ್ಲಿ ನನಗೆ ಯಾರೂ ಇದಕ್ಕಿಂತ ದೊಡ್ಡ ಮಾನ ಮಾಡಿಲ್ಲ. ಈಗ ಚಿತ್ತಾಪುರದಲ್ಲಿ ತತ್ತಿ ತಿನ್ನದ ಮನೆಯವರ ಮಕ್ಕಳ ಹುಟ್ಟುಹಬ್ಬ ಬಂದರೆ ನಮ್ಮ ಬಾಗಿಲಿಗೆ ಕರೆ ಬರುತ್ತದೆ. ಇಬ್ಬರೂ ಹೋಗುತ್ತೇವೆ. ಬೆಂಕಿ ಅವರದು, ಕೈ ನನ್ನದು. ಅವರು ತಮ್ಮ ಕೈಯ ಮೇಲೆ ಕುಳಿತುಕೊಳ್ಳುವುದನ್ನು ನೋಡಲೆಂದೇ ಮಕ್ಕಳು ಬರುತ್ತಾರೆ. ಕೊಯ್ಯುವಾಗ ಇಬ್ಬರೂ ಮುಂದೆಯೇ ನಿಲ್ಲುತ್ತೇವೆ.

ಈಗ ತಾನೇ ಅವರು ಬಂದು, ಏನು ಬರೆಯುತ್ತಿದ್ದೀ ಎಂದು ಕೇಳಿದರು. ರೊಟ್ಟಿ ಮಾಡುವ ಬಗೆ ಎಂದೆ. ಪಲ್ಲವಿಗೆ ಕೈ ಹಗುರ ಇರಲಿ ಎಂದು ಬರೆ, ಇಲ್ಲದಿದ್ದರೆ ನನ್ನ ಹಾಗೆ ಕಲ್ಲು ಕಡಿಯುತ್ತಾಳೆ ಎಂದು ಹೇಳಿ ಚಹಾ ಕುಡಿಯಲು ಹೋದರು. ಚಹಾ ಬಿಸಿ ಇದೆ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ತೆರೆಯುವಾಗ ಹಗುರ ಕೈಯಿಂದ ತೆರೆಯಿರಿ, ನಾದಬೇಡಿ. ಹರಿದೀತು. ಹರಿದರೆ ತೂತಿನಿಂದ ಸೇಡಂ ಕಾಣುತ್ತದೆ, ಸೇಡಮಿನಲ್ಲಿ ನೀವಿಬ್ಬರು.